ಬೆಳಗಿನ ಚೆನ್ನೈ ರೈಲಿಗೆ ಮೈಸೂರು ಸ್ಟೇಷನ್ ಹತ್ತಿರ ಹೋಟೆಲ್: ಕೊಡಗಿನಿಂದ ಹೋಗುವವರು ಎಲ್ಲಿ ಉಳಿಯುತ್ತೀರಿ?

ನಾಪೋಕ್ಲು ಕಾಫಿಪುಡಿ

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಹತ್ತಿರ ನಮ್ಮದೊಂದು ಸಣ್ಣ ಕಾಫಿಪುಡಿ ಘಟಕ ಇದೆ. ನಮ್ಮ ತೋಟದ ರೊಬಸ್ಟಾ, ಅಕ್ಕಪಕ್ಕದವರ ಅರೇಬಿಕಾ ಎರಡನ್ನೂ ಹುರಿದು, ಪುಡಿ ಮಾಡಿ, ಪ್ಯಾಕ್ ಮಾಡಿ ಮಾರುತ್ತೇವೆ. ಚೆನ್ನೈಯಲ್ಲಿ ಒಬ್ಬರು ಖರೀದಿದಾರರು ಸ್ಯಾಂಪಲ್ ತೆಗೆದುಕೊಂಡು ಬನ್ನಿ, ಕೂತು ಮಾತಾಡೋಣ ಎಂದಿದ್ದಾರೆ. ಮೈಸೂರಿನಿಂದ ಬೆಳಗ್ಗೆ 6ಕ್ಕೆ ಬಿಡುವ ವಂದೇ ಭಾರತ್‌ಗೆ ಟಿಕೆಟ್ ಮಾಡಿದ್ದೇನೆ. ಒಂದು ರಾತ್ರಿ ಚೆನ್ನೈಯಲ್ಲಿ ಇದ್ದು, ಮಾರನೇ ದಿನ ಸಂಜೆ ಅದೇ ರೈಲಿನಲ್ಲಿ ವಾಪಸ್. ಅದು ಮೈಸೂರು ಮುಟ್ಟುವಾಗ ರಾತ್ರಿ 11 ದಾಟಿರುತ್ತದೆ.

ನಮ್ಮ ಜಿಲ್ಲೆಗೆ ರೈಲೇ ಇಲ್ಲದ ಮೇಲೆ ಬೇರೆ ದಾರಿ ಇಲ್ಲ. ಹೋಗುವಾಗ ಒಂದು ರಾತ್ರಿ, ಬರುವಾಗ ಒಂದು ರಾತ್ರಿ ಮೈಸೂರಿನಲ್ಲಿ ಉಳಿಯಲೇಬೇಕು. ಒಬ್ಬಳೇ ಹೋಗುತ್ತಿದ್ದೇನೆ. ಒಂದು ಟ್ರಾಲಿ ಬ್ಯಾಗು, ಒಂದು ಸ್ಯಾಂಪಲ್ ಡಬ್ಬ. ಹಿಂದಿನ ರಾತ್ರಿ ರೇಟ್ ಪಟ್ಟಿ ಸರಿಮಾಡಿ ಖರೀದಿದಾರರ ಜೊತೆ ವೀಡಿಯೋ ಕಾಲ್‌ನಲ್ಲಿ ಮಾತಾಡುವುದಿದೆ. ಹಾಗಾಗಿ ಮೇಜು, ಕುರ್ಚಿ, ಸರಿಯಾದ ನೆಟ್ ಬೇಕು. ರಾತ್ರಿಗೆ ಎರಡೂವರೆ ಸಾವಿರದವರೆಗೆ ಕೊಡಬಹುದು. ಆ್ಯಪ್‌ನಲ್ಲಿ ನೋಡಿದರೆ ಎಲ್ಲವೂ "ಬಿಸಿನೆಸ್ ಹೋಟೆಲ್", ಎಲ್ಲವೂ "ಸ್ಟೇಷನ್ ಹತ್ತಿರ". ಯಾವುದನ್ನು ನಂಬಬೇಕು ಗೊತ್ತಾಗುತ್ತಿಲ್ಲ. ಹೋಗಿ ಬಂದವರು ಹೇಳಿ.

ಗೋಣಿಕೊಪ್ಪ ಚಕ್ರ

ಅಕ್ಕ, ಹೋಗುವಾಗ ಹೋಟೆಲ್ ಯಾಕೆ? ರಾತ್ರಿ ಒಂದೂವರೆಗೆ ಕಾರು ಹೊರಟರೆ ಐದಕ್ಕೆ ಮೈಸೂರು. ರೂಮಿನ ದುಡ್ಡು ಉಳಿಯುತ್ತದೆ.

ನಾಪೋಕ್ಲು ಕಾಫಿಪುಡಿ

ಅಣ್ಣ, ಈಗ ಕಕ್ಕಡ, ನಮ್ಮಲ್ಲಿ ಜೋರು ಮಳೆಯ ತಿಂಗಳು. ಕಾವೇರಿ ಉಕ್ಕಿದರೆ ನಮ್ಮ ಮೂರ್ನಾಡು ರಸ್ತೆಗೇ ನೀರು ಬರುತ್ತದೆ. ಮರ ಬಿದ್ದರೆ ಕತ್ತರಿಸಿ ತೆಗೆಯುವವರೆಗೆ ಅಲ್ಲೇ ನಿಲ್ಲಬೇಕು. ರಾತ್ರಿ ಎರಡು ಗಂಟೆಗೆ ಯಾರನ್ನು ಕರೆಯುವುದು? ಹಗಲಿನಲ್ಲೇ ಮೈಸೂರು ಸೇರಿಕೊಂಡರೆ ನನಗೆ ನೆಮ್ಮದಿ.

ಸೋಮವಾರಪೇಟೆ ಬೆಟ್ಟ

ಅಕ್ಕ ಹೇಳಿದ್ದು ಸರಿ. ರಾತ್ರಿ ಕಾರು ಎಂದರೆ ಡ್ರೈವರ್ ಬಾಟಾ, ಪೆಟ್ರೋಲು, ಖಾಲಿ ವಾಪಸ್ ಬರುವ ಬಾಡಿಗೆ ಎಲ್ಲ ಸೇರುತ್ತದೆ. ಕೂಡಿಸಿ ನೋಡಿ, ರೂಮಿಗಿಂತ ಕಡಿಮೆ ಆಗುವುದಿಲ್ಲ. ಮೇಲಿಂದ ನಿದ್ದೆಗೆಟ್ಟ ಮುಖದಲ್ಲಿ ವ್ಯಾಪಾರದ ಮಾತಿಗೆ ಹೋಗಬೇಕು. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಆದಮೇಲೆ ಮಳೆಗಾಲದ ರಸ್ತೆಯನ್ನು ನಂಬಿ ರೈಲಿಗೆ ಹೊರಡುವುದನ್ನು ನಮ್ಮ ಮನೆಯಲ್ಲಂತೂ ಯಾರೂ ಒಪ್ಪುವುದಿಲ್ಲ. ಹಿಂದಿನ ದಿನವೇ ಹೋಗಿ.

ಕುಶಾಲನಗರ ಸೇಲ್ಸ್

ನನ್ನ ಕೆಲಸವೇ ಊರೂರು ಸುತ್ತುವುದು, ಮೈಸೂರು ಸ್ಟೇಷನ್ ಸುತ್ತಮುತ್ತ ಬಹಳ ಕಡೆ ಉಳಿದಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲು ಜಾಗ. ಸ್ಟೇಷನ್ ಹತ್ತಿರ ಅಂದರೆ ಒಂದೇ ಜಾಗ ಅಲ್ಲ, ಮೂರು ನಾಲ್ಕು ಕಡೆ ಇದೆ. ಝಾನ್ಸಿ ಲಕ್ಷ್ಮೀಬಾಯಿ ರಸ್ತೆ, ಎಲ್ಲರೂ ಜೆಎಲ್‌ಬಿ ರಸ್ತೆ ಅನ್ನುತ್ತಾರಲ್ಲ, ಅದು ಸ್ಟೇಷನ್ ಮುಂದಿನಿಂದ ಮೆಟ್ರೋಪೋಲ್ ಸರ್ಕಲ್ ಕಡೆಗೆ ಹೋಗುತ್ತದೆ. ಅಗಲ ರಸ್ತೆ, ಬೆಳಕು ಇದೆ, ಬೆಳಗಿನ ಜಾವವೂ ಆಟೋ ಸಿಗುತ್ತದೆ. ಇರ್ವಿನ್ ರಸ್ತೆ, ಧನ್ವಂತ್ರಿ ರಸ್ತೆ, ಗಾಂಧಿ ಚೌಕದ ಕಡೆ ಹಳೇ ಲಾಡ್ಜ್‌ಗಳು ಜಾಸ್ತಿ. ಬಾಡಿಗೆ ಕಡಿಮೆ, ಊಟಕ್ಕೆ ಬೇಕಾದಷ್ಟು ಕಡೆ ಇದೆ. ಆದರೆ ಕೆಳಗೆ ಅಂಗಡಿ, ಮೇಲೆ ರೂಮು ಎನ್ನುವ ಕಟ್ಟಡಗಳೇ ಹೆಚ್ಚು, ರಾತ್ರಿ ತನಕ ಗಲಾಟೆ ಇರುತ್ತದೆ. ಇನ್ನೊಂದು, ಹಳಿ ಆಚೆ ಯಾದವಗಿರಿ, ಸಿಎಫ್‌ಟಿಆರ್‌ಐ ಕಡೆ. ಅಲ್ಲಿ ಮನೆಗಳೇ ಜಾಸ್ತಿ, ಶಾಂತ.

ನೀವು ಮಡಿಕೇರಿಯಿಂದ ಕೆಎಸ್‌ಆರ್‌ಟಿಸಿಯಲ್ಲಿ ಬಂದರೆ ಬಸ್ಸು ಹುಣಸೂರು ರಸ್ತೆಯಲ್ಲೇ ಊರೊಳಗೆ ಬರುತ್ತದೆ. ಕಲಾಮಂದಿರ ದಾಟಿ ಮೆಟ್ರೋಪೋಲ್ ಹತ್ತಿರ ಇಳಿಸುತ್ತೀರಾ ಎಂದು ಕಂಡಕ್ಟರಿಗೆ ಮೊದಲೇ ಹೇಳಿಡಿ. ಸಬರ್ಬನ್ ಬಸ್ ಸ್ಟ್ಯಾಂಡಿನ ತನಕ ಹೋಗಿ ಅಲ್ಲಿಂದ ಮತ್ತೆ ಸ್ಟೇಷನ್ ಕಡೆಗೆ ವಾಪಸ್ ಬರುವುದು ಸುಮ್ನೆ ಸುತ್ತು.

ಇನ್ನು ಬಿಸಿನೆಸ್ ಹೋಟೆಲ್ ವಿಷಯ. ಬೋರ್ಡು ಯಾರು ಬೇಕಾದರೂ ಹಾಕಬಹುದು. ನಾನು ಫೋನ್ ಮಾಡಿ ಮೊದಲು ಕೇಳುವುದು ಬಿಸಿನೀರು ಎಷ್ಟು ಗಂಟೆಯಿಂದ ಎಂದು. ಬಹಳ ಕಡೆ ಸೋಲಾರ್ ಇಲ್ಲವೇ ಬಾಯ್ಲರ್ ನೀರು, ಬೆಳಗ್ಗೆ 6ರಿಂದ 9. ನಿಮ್ಮ ರೈಲು 6ಕ್ಕೆ! ನಾಲ್ಕೂವರೆಗೆ ಎದ್ದು ತಣ್ಣೀರು ಸ್ನಾನ ಮಾಡಿ ಹೋಗಬೇಕಾಗುತ್ತದೆ. ರೂಮಿನೊಳಗೇ ಗೀಸರ್ ಇದೆಯಾ ಎಂದು ಕೇಳಿ. ಆಮೇಲೆ ಕರೆಂಟು. ಕರೆಂಟು ಹೋದರೆ ಜನರೇಟರಿನಲ್ಲಿ ಏನೇನು ಓಡುತ್ತದೆ? ಕೆಲವು ಕಡೆ ಲೈಟು ಮತ್ತು ಫ್ಯಾನು ಮಾತ್ರ, ವೈಫೈ ಪೆಟ್ಟಿಗೆಯೂ ಆರಿಹೋಗುತ್ತದೆ. ನಿಮಗೆ ವೀಡಿಯೋ ಕಾಲ್ ಇರುವುದರಿಂದ ಇದನ್ನು ಬಿಡಬೇಡಿ. ಮೇಜಿನ ಪಕ್ಕ ಪ್ಲಗ್ ಇದೆಯಾ ಎನ್ನುವುದನ್ನೂ ಕೇಳಿ. ಎಷ್ಟೋ ರೂಮಿನಲ್ಲಿ ಮೇಜು ಒಂದು ಗೋಡೆಗೆ, ಪ್ಲಗ್ ಎದುರು ಗೋಡೆಗೆ.

ನಾಲ್ಕು ಸ್ಟಾರ್ ದೂರದಲ್ಲಿ ಬೇಡ, ಎರಡು ಸ್ಟಾರ್ ಹತ್ತಿರದಲ್ಲಿ ಇರಲಿ. ಬೆಳಗಿನ ರೈಲಿಗೆ ಹೋಗುವವರಿಗೆ ಇದೇ ನನ್ನ ಮಾತು.

ಯಾದವಗಿರಿ ವಾಸಿ

ನಾನು ಮೂಲ ಸುಂಟಿಕೊಪ್ಪದವನು, ಈಗ ಮೈಸೂರಿನಲ್ಲಿ ಮನೆ. ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಯಾದವಗಿರಿ ಕಡೆ ಹೋಟೆಲ್ ಹಿಡಿಯುವಾಗ ಮ್ಯಾಪ್ ತೋರಿಸುವ ಮೀಟರ್ ನೋಡಿ ಮೋಸ ಹೋಗಬೇಡಿ. ಹಳಿಯ ಆಚೆ ಬದಿ ಎಂದರೆ ನೇರ ಗೆರೆಯಲ್ಲಿ ಬಹಳ ಹತ್ತಿರ ಕಾಣುತ್ತದೆ, ಮುಖ್ಯ ದ್ವಾರಕ್ಕೆ ಬರಬೇಕಾದರೆ ಸುತ್ತಿಕೊಂಡು ಬರಬೇಕು. ಸಿಎಫ್‌ಟಿಆರ್‌ಐ ಕಡೆ ಎರಡನೇ ದ್ವಾರ ಇದೆ, ಅದರಿಂದ ಒಳಗೆ ಹೋದರೆ ಸುಲಭ. ಆದರೆ ಬೆಳಗ್ಗೆ ಐದೂಕಾಲಿಗೆ ಆ ಕಡೆಯಿಂದ ಒಳಗೆ ಬಿಡುತ್ತಾರಾ, ಬ್ಯಾಗು ಎಳೆದುಕೊಂಡು ಹೋಗಲು ದಾರಿ ಸರಿ ಇದೆಯಾ ಎಂದು ಹೋಟೆಲಿನವರನ್ನೇ ಕೇಳಿ. ಅಲ್ಲಿರುವವರಿಗೆ ಅದು ಗೊತ್ತಿಲ್ಲದೆ ಇರುವುದಿಲ್ಲ.

ಬೆಳಗಿನ ಜಾವ ನಡೆಯುವುದಾದರೆ ಒಳರಸ್ತೆ ಬೇಡ. ಬೀದಿನಾಯಿ ಗುಂಪು ಇರುತ್ತದೆ. ಅರ್ಧ ಕಿಲೋಮೀಟರಾದರೂ ಮುಖ್ಯ ರಸ್ತೆಯಲ್ಲೇ ಬನ್ನಿ.

ಮಡಿಕೇರಿ ಟೀಚರ್

ಒಬ್ಬಳೇ ಹೋಗುವ ಹೆಂಗಸಿನ ಕಣ್ಣಿನಿಂದ ಹೇಳುತ್ತೇನೆ, ಯಾಕೆಂದರೆ ಮೇಲೆ ಬರೆದ ಗಂಡಸರಿಗೆ ಕೆಲವು ವಿಷಯ ಹೊಳೆಯುವುದಿಲ್ಲ.

ರಿಸೆಪ್ಶನ್‌ನಲ್ಲಿ ರಾತ್ರಿಯಿಡೀ ಯಾರಾದರೂ ಇರುತ್ತಾರಾ? ಇದು ಮೊದಲ ಪ್ರಶ್ನೆ. ಸಣ್ಣ ಲಾಡ್ಜ್‌ಗಳಲ್ಲಿ ಹನ್ನೊಂದಕ್ಕೆ ಶಟರ್ ಎಳೆದು ವಾಚ್‌ಮನ್ ಒಳಗೆ ಮಲಗಿಬಿಡುತ್ತಾರೆ. ನೀವು ಬೆಳಗ್ಗೆ ಐದಕ್ಕೆ ಹೊರಡಲು ಕೆಳಗೆ ಬಂದರೆ ಬೀಗ ಹಾಕಿರುತ್ತದೆ, ಅವರನ್ನು ಎಬ್ಬಿಸಿ, ಕೀಲಿ ಹುಡುಕಿಸಿ, ಶಟರ್ ಎತ್ತಿಸಿ ಹೊರಗೆ ಬರುವಾಗ ಹತ್ತು ನಿಮಿಷ ಹೋಗಿರುತ್ತದೆ, ಎದೆ ಬಡಿತ ಬೇರೆ. ಬರುವಾಗಲೂ ಹಾಗೆ. ರಾತ್ರಿ ಹನ್ನೊಂದೂವರೆಗೆ ಶಟರ್ ಬಡಿಯುತ್ತಾ ನಿಲ್ಲುವುದು ಯಾವ ಹೆಂಗಸಿಗೂ ಬೇಡ.

ಇದು ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಬೇರೆ ಊರಿನ ಸ್ಟೇಷನ್ ಪಕ್ಕ ಒಂದು ಕಡೆ, ಹೆಸರು ಬೇಡ, ಆ್ಯಪ್‌ನಲ್ಲಿ ದುಡ್ಡು ಕಟ್ಟಿ ಕನ್ಫರ್ಮ್ ಆಗಿದ್ದ ರೂಮನ್ನು ರಾತ್ರಿ ಹೋದಾಗ ಇಲ್ಲವೆಂದರು. "ನಿಮ್ಮ ಬುಕಿಂಗ್ ನಮಗೆ ಬಂದೇ ಇಲ್ಲ" ಎಂಬ ಒಂದೇ ಮಾತು. ಆ ರಾತ್ರಿ ಗೊತ್ತಿಲ್ಲದ ಬೀದಿಯಲ್ಲಿ ನಾನು, ನನ್ನ ಮಗಳು ರೂಮು ಹುಡುಕಿದ್ದೇವೆ. ಆ್ಯಪ್‌ನಲ್ಲಿ ಮಾಡಿದರೂ ಹಿಂದಿನ ದಿನ ಮತ್ತು ಆ ದಿನ ಮಧ್ಯಾಹ್ನ ಹೋಟೆಲಿಗೇ ಫೋನ್ ಮಾಡಿ, "ನನ್ನ ಹೆಸರಿನಲ್ಲಿ ರೂಮು ಇದೆ ಅಲ್ವಾ, ರಾತ್ರಿ ಇಷ್ಟು ಹೊತ್ತಿಗೆ ಬರುತ್ತೇನೆ" ಎಂದು ಹೇಳಿ, ಮಾತಾಡಿದವರ ಹೆಸರು ಕೇಳಿ ಬರೆದುಕೊಳ್ಳಿ.

ರೂಮು ಎರಡನೇ ಅಥವಾ ಮೂರನೇ ಮಹಡಿಯಲ್ಲಿ, ಲಿಫ್ಟಿಗೆ ತೀರ ದೂರ ಇಲ್ಲದ ಕಡೆ ಕೇಳಿ. ಕಾರಿಡಾರಿನ ಕೊನೆಯದು ಬೇಡ. ಒಳಗಿನಿಂದ ಹಾಕುವ ಬೋಲ್ಟ್ ಗಟ್ಟಿ ಇದೆಯಾ, ಪಕ್ಕದ ರೂಮಿಗೆ ಮಧ್ಯದ ಬಾಗಿಲು ಇದೆಯಾ, ಬಾತ್‌ರೂಮಿನ ಕಿಟಕಿಯ ಗಾಜು ಸರಿ ಇದೆಯಾ, ಇಷ್ಟನ್ನು ಬ್ಯಾಗು ಬಿಚ್ಚುವ ಮುಂಚೆ ನೋಡಿ. ಸರಿ ಇಲ್ಲದಿದ್ದರೆ ರೂಮು ಬದಲಿಸಿ ಎಂದು ಧೈರ್ಯವಾಗಿ ಹೇಳಿ. ಬದಲಿಸಿ ಕೊಡುತ್ತಾರೆ.

ಆಧಾರ್ ಕೇಳಿದರೆ ಪೂರ್ತಿ ಕಾರ್ಡಿನ ಜೆರಾಕ್ಸ್ ಕೊಡಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ಯುಐಡಿಎಐ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಡ್ರೈವಿಂಗ್ ಲೈಸೆನ್ಸ್ ಇದ್ದರೆ ಅದನ್ನೇ ಕೊಡಿ.

ಗೋಣಿಕೊಪ್ಪ ಚಕ್ರ

ಶಟರ್ ವಿಷಯ ನೂರಕ್ಕೆ ನೂರು ನಿಜ ಟೀಚರ್. ನಾನು ಪ್ಯಾಸೆಂಜರ್ ಕರೆದುಕೊಂಡು ಬರಲು ಹೋಗಿ ಹೊರಗೆ ಹಾರ್ನ್ ಹೊಡೆದುಕೊಂಡು ಕಾದಿದ್ದೇನೆ. ಅಕ್ಕ, ನೀವು ಹೇಳಿದ ಮೇಲೆ ರೂಮೇ ಒಳ್ಳೆಯದು ಅನ್ನಿಸುತ್ತದೆ.

ಹಳೇ ಫ್ರಂಟ್ ಆಫೀಸ್

ನಾನು ಕೆಲವು ವರ್ಷ ಹೋಟೆಲುಗಳ ರಿಸೆಪ್ಶನ್‌ನಲ್ಲಿ ಕೆಲಸ ಮಾಡಿ ಈಗ ಊರಿಗೆ ಬಂದು ಹೋಂಸ್ಟೇ ನೋಡಿಕೊಳ್ಳುತ್ತಿದ್ದೇನೆ. ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ.

ಚೆಕ್‌ಔಟ್ ಎರಡು ತರಹ. ಒಂದು, ಮಧ್ಯಾಹ್ನ 12 ಅಥವಾ 11ಕ್ಕೆ ಎಲ್ಲರೂ ಖಾಲಿ ಮಾಡಬೇಕು. ಹೊಸ ಬಿಸಿನೆಸ್ ಹೋಟೆಲುಗಳಲ್ಲಿ ಹೆಚ್ಚಾಗಿ ಇದೇ. ಇನ್ನೊಂದು 24 ಗಂಟೆ ಚೆಕ್‌ಔಟ್, ನೀವು ಒಳಗೆ ಬಂದ ಹೊತ್ತಿನಿಂದ ಒಂದು ದಿನ. ಸ್ಟೇಷನ್, ಬಸ್ ಸ್ಟ್ಯಾಂಡ್ ಪಕ್ಕದ ಹಳೇ ಲಾಡ್ಜ್‌ಗಳಲ್ಲಿ ಇದು ಇನ್ನೂ ಇದೆ. ರೈಲಿನವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಅಕ್ಕ, ನೀವು ವಾಪಸ್ ಬರುವುದು ರಾತ್ರಿ ಹನ್ನೊಂದೂವರೆ. 12ರ ಚೆಕ್‌ಔಟ್ ಆದರೂ ಮಾರನೇ ದಿನ ಮಧ್ಯಾಹ್ನದ ತನಕ ಮಲಗಬಹುದು, ತೊಂದರೆ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಇಳಿಯುವ ರೈಲು ಆಗಿದ್ದರೆ 24 ಗಂಟೆಯದ್ದೇ ಹುಡುಕಬೇಕಿತ್ತು. ಇಲ್ಲದಿದ್ದರೆ ಎರಡು ದಿನದ ಬಾಡಿಗೆ ಕೇಳುತ್ತಾರೆ. ಇದನ್ನು ಓದುವ ಬೇರೆಯವರು ನೆನಪಿಟ್ಟುಕೊಳ್ಳಿ.

ತಡವಾಗಿ ಬರುತ್ತೇನೆ ಎಂದು ತಿಳಿಸದೇ ಇದ್ದರೆ ಏನಾಗುತ್ತದೆ ಗೊತ್ತಾ? ಸಂಜೆ ಏಳೆಂಟು ಗಂಟೆ ತನಕ ಕಾದು, ಬರಲ್ಲ ಎಂದುಕೊಂಡು, ಬಾಗಿಲಲ್ಲಿ ನಿಂತ ಗಿರಾಕಿಗೆ ರೂಮು ಕೊಟ್ಟುಬಿಡುವ ಕಡೆಗಳಿವೆ. "ಹೋಟೆಲಿನಲ್ಲೇ ದುಡ್ಡು ಕೊಡುತ್ತೇನೆ" ಎನ್ನುವ ಬುಕಿಂಗ್‌ಗಳಿಗೆ ಇದು ಜಾಸ್ತಿ. ಅದಕ್ಕೇ ಟೀಚರ್ ಹೇಳಿದ ಫೋನ್ ಬಹಳ ಮುಖ್ಯ. ರೈಲಿನ ಹೆಸರು, ತಲುಪುವ ಹೊತ್ತು ಎರಡನ್ನೂ ಹೇಳಿ. ಸ್ಟೇಷನ್ ಪಕ್ಕದ ಹೋಟೆಲಿನವರಿಗೆ ರೈಲಿನ ಹೆಸರು ಹೇಳಿದರೆ ಸಾಕು, ಎಷ್ಟು ತಡವಾದರೂ ಅವರೇ ನೋಡಿಕೊಂಡು ಕಾಯುತ್ತಾರೆ.

ರೇಟ್: ಆ್ಯಪ್‌ಗಳು ಹೋಟೆಲಿನಿಂದ ಕಮಿಷನ್ ತೆಗೆದುಕೊಳ್ಳುತ್ತವೆ. ಆ್ಯಪ್‌ನಲ್ಲಿ ಕಂಡ ರೇಟನ್ನು ಹೇಳಿ ನೇರ ಫೋನಿನಲ್ಲಿ ಕೇಳಿದರೆ ಅಷ್ಟಕ್ಕೇ ಕೊಡುತ್ತಾರೆ. ಇಲ್ಲವೇ ಅದೇ ರೇಟಿಗೆ ಸ್ವಲ್ಪ ದೊಡ್ಡ ರೂಮು ಕೊಡುತ್ತಾರೆ. ತಿಂಡಿ ಸೇರಿದ ರೇಟು ನಿಮಗೆ ಬೇಡ. ಬಫೆ ಏಳೂವರೆಗೆ ತೆರೆಯುತ್ತದೆ, ನೀವು ಅಷ್ಟು ಹೊತ್ತಿಗೆ ಮಂಡ್ಯ ದಾಟಿರುತ್ತೀರಿ. ರೂಮು ಮಾತ್ರ ತೆಗೆದುಕೊಳ್ಳಿ, ಇಲ್ಲ ಪೊಟ್ಟಣ ಕಟ್ಟಿಕೊಡುತ್ತೀರಾ ಎಂದು ಕೇಳಿ. ವಂದೇ ಭಾರತ್ ಟಿಕೆಟ್ ಮಾಡುವಾಗ ಊಟ ಬೇಕು ಎಂದು ಹಾಕಿದ್ದರೆ ತಿಂಡಿ ರೈಲಿನಲ್ಲೇ ಬರುತ್ತದೆ.

ಇನ್ನೊಂದು ವಿಷಯ ಯಾರೂ ಕೇಳುವುದಿಲ್ಲ. ಆ ರಾತ್ರಿ ಹೋಟೆಲಿನಲ್ಲಿ ಮದುವೆ, ರಿಸೆಪ್ಶನ್, ಪಾರ್ಟಿ ಇದೆಯಾ? ಬಿಸಿನೆಸ್ ಹೋಟೆಲ್ ಎಂದು ಹೆಸರಿದ್ದರೂ ಮೇಲೆ ಅಥವಾ ಕೆಳಗೆ ಒಂದು ಹಾಲ್ ಇರುತ್ತದೆ. ಅವರ ನಿಜವಾದ ಆದಾಯ ಅದರಿಂದ. ಹನ್ನೊಂದರ ತನಕ ಪಾತ್ರೆ ಸದ್ದು, ಹಾಡು, ಲಿಫ್ಟಿನಲ್ಲಿ ಜನ. ಹಾಲ್ ಇರುವ ಮಹಡಿಯಿಂದ ದೂರ ಕೊಡಿ ಎಂದರೆ ಕೊಡುತ್ತಾರೆ. ಹಾಗೆಯೇ ಹಳಿ ಕಡೆ ಮುಖ ಇರುವ ರೂಮು ಬೇಡ ಎನ್ನಿ. ಹಾರ್ನ್, ಅನೌನ್ಸ್‌ಮೆಂಟ್ ರಾತ್ರಿಯೆಲ್ಲ ಕೇಳುತ್ತದೆ.

ಸೋಮವಾರಪೇಟೆ ಬೆಟ್ಟ

ಹೋಟೆಲೇ ಬೇಡದಿದ್ದರೆ ಸ್ಟೇಷನ್ನಿನ ರಿಟೈರಿಂಗ್ ರೂಮು ನೋಡಬಹುದಲ್ವಾ? ಕನ್ಫರ್ಮ್ ಇಲ್ಲವೇ ಆರ್‌ಎಸಿ ಟಿಕೆಟ್ ಇದ್ದರೆ ಪಿಎನ್‌ಆರ್ ಹಾಕಿ ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಬಹುದು. ಗರಿಷ್ಠ 48 ಗಂಟೆ. ಹೋಟೆಲಿಗಿಂತ ಬಹಳ ಅಗ್ಗ, ಎದ್ದರೆ ಪ್ಲಾಟ್‌ಫಾರ್ಮ್.

ಮಡಿಕೇರಿ ಟೀಚರ್

ಕುಟುಂಬ ಸಮೇತ ಹೋಗುವವರಿಗೆ ಚೆನ್ನಾಗಿದೆ. ಇವರಿಗೆ ಕೂತು ಕೆಲಸ ಮಾಡುವುದಿದೆ, ಕಾಲ್ ಇದೆ. ಅಲ್ಲಿ ಆಗುವುದಿಲ್ಲ.

ಕುಶಾಲನಗರ ಸೇಲ್ಸ್

ರೂಮುಗಳೇ ಕೆಲವು, ಸಿಗುವುದು ಕಷ್ಟ. ಸಿಕ್ಕರೆ ವಾಪಸ್ ಬರುವ ರಾತ್ರಿಗೆ ತೆಗೆದುಕೊಳ್ಳಲಿ. ಆಗ ಕೆಲಸ ಮುಗಿದಿರುತ್ತದೆ, ಮಲಗಲು ಜಾಗ ಸಾಕು.

ವಿರಾಜಪೇಟೆ ಮೆಣಸು

ಮೈಸೂರೇ ಯಾಕೆ ಎಂದು ಬೇರೆಯವರಿಗೆ ಹೇಳುತ್ತೇನೆ. ನಮ್ಮ ದಕ್ಷಿಣ ಕೊಡಗಿನವರಿಗೆ ಮಾಕುಟ್ಟ ಘಾಟಿ ಇಳಿದರೆ ಕಣ್ಣೂರು, ತಲಶ್ಶೇರಿ ಸ್ಟೇಷನ್ ಇದೆ. ಮುಂಬೈ ಕಡೆಗೆ, ಕೇರಳದ ಕಡೆಗೆ ಹೋಗಲು ಅದೇ ಒಳ್ಳೆಯದು. ಅಲ್ಲೂ ಸ್ಟೇಷನ್ ಸುತ್ತ ಹೋಟೆಲ್ ಬೇಕಾದಷ್ಟಿದೆ. ಮಳೆಗಾಲದಲ್ಲಿ ಮಾತ್ರ ಘಾಟಿ ತೆರೆದಿದೆಯಾ ಎಂದು ಕೇಳಿಯೇ ಹೊರಡಬೇಕು. ಅಕ್ಕನ ಚೆನ್ನೈ ಕೆಲಸಕ್ಕೆ ಮೈಸೂರೇ ಸರಿ.

ಅಕ್ಕ, ಕಾವೇರಿ ಎಕ್ಸ್‌ಪ್ರೆಸ್ ನೋಡಿದಿರಾ? ರಾತ್ರಿ ಮೈಸೂರು ಬಿಟ್ಟು ಬೆಳಗ್ಗೆ ಚೆನ್ನೈ ಸೆಂಟ್ರಲ್. ನಾನು ಮೆಣಸಿನ ವ್ಯವಹಾರಕ್ಕೆ ಅದರಲ್ಲೇ ಹೋಗುವುದು. ಮೈಸೂರಿನಲ್ಲಿ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ.

ನಾಪೋಕ್ಲು ಕಾಫಿಪುಡಿ

ನೋಡಿದೆ ಅಣ್ಣ, ಬರ್ತ್ ವೇಟಿಂಗ್ ತೋರಿಸಿತು. ಸ್ಯಾಂಪಲ್ ಡಬ್ಬ ಪಕ್ಕದಲ್ಲಿಟ್ಟುಕೊಂಡು ರಾತ್ರಿ ನಿದ್ದೆಯೂ ಬರುವುದಿಲ್ಲ ಅನ್ನಿಸಿತು. ಚೆನ್ನೈಯಲ್ಲಿ ಎಲ್ಲಿ ಉಳಿಯುತ್ತೀರಿ?

ವಿರಾಜಪೇಟೆ ಮೆಣಸು

ಸೆಂಟ್ರಲ್ ಪಕ್ಕದ ಪೆರಿಯಮೇಡು, ಇಲ್ಲ ಎಗ್ಮೋರ್. ಎರಡರ ಮಧ್ಯೆ ದೂರ ಬಹಳ ಕಡಿಮೆ, ಮೆಟ್ರೊ ಕೂಡ ಇದೆ. ಎಗ್ಮೋರ್ ಕಡೆ ಕುಟುಂಬದವರು ಉಳಿಯುವ ಒಳ್ಳೆಯ ಹೋಟೆಲುಗಳು ಹೆಚ್ಚು. ನೀವು ಒಬ್ಬರೇ ಆದ್ದರಿಂದ ಅದನ್ನೇ ಹೇಳುತ್ತೇನೆ. ರೈಲು ಮಧ್ಯಾಹ್ನ ಮುಟ್ಟುವುದರಿಂದ ರೂಮು ಸಿಗಲು ಕಾಯಬೇಕಾಗಿಲ್ಲ. ವಾಪಸ್ ದಿನ ಮಾತ್ರ ಜಾಗ್ರತೆ. ರೈಲು ಸಂಜೆ, ಚೆಕ್‌ಔಟ್ ಮಧ್ಯಾಹ್ನ. ಬ್ಯಾಗನ್ನು ರಿಸೆಪ್ಶನ್‌ನಲ್ಲಿ ಇಟ್ಟುಕೊಳ್ಳುತ್ತೀರಾ ಎಂದು ಮೊದಲೇ ಕೇಳಿ. ಇಲ್ಲದಿದ್ದರೆ ಸೆಂಟ್ರಲ್ ಕ್ಲೋಕ್ ರೂಮು ಇದೆ, ಟಿಕೆಟ್ ತೋರಿಸಬೇಕು, ಬ್ಯಾಗಿಗೆ ಬೀಗ ಇರಬೇಕು.

ಮತ್ತೆ, ವಂದೇ ಭಾರತ್ ವಾರಕ್ಕೊಂದು ದಿನ ಓಡುವುದಿಲ್ಲ. ದಿನ ಬದಲಾಯಿಸಿದರೆ ಅದನ್ನು ನೋಡಿಕೊಳ್ಳಿ.

ಮಡಿಕೇರಿ ಲೆಕ್ಕ

ನಾನು ತೆರಿಗೆ ಕೆಲಸ ಮಾಡುವವನು, ಬಿಲ್ ಬಗ್ಗೆ ಯಾರೂ ಹೇಳಲಿಲ್ಲ ಎಂದು ಬರೆಯುತ್ತಿದ್ದೇನೆ. ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 5. ಅದಕ್ಕೂ ಮೊದಲು ಶೇ. 12 ಇತ್ತು. ಹಳೇ ದರದಲ್ಲಿ ಬಿಲ್ ಕೊಟ್ಟರೆ ಅಲ್ಲೇ ಕೇಳಿ.

ನಿಮ್ಮ ಘಟಕಕ್ಕೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿ ಇದ್ದರೆ ರೂಮು ಮಾಡುವಾಗಲೇ ನಂಬರು ಕೊಡಿ, ಬಿಲ್ ಘಟಕದ ಹೆಸರಿನಲ್ಲಿ ಬರಲಿ. ಆಮೇಲೆ ಬದಲಿಸಿ ಎಂದರೆ ತಕರಾರು. ಹೋಟೆಲ್ ರೂಮಿನ ತೆರಿಗೆ ಹೋಟೆಲ್ ಇರುವ ರಾಜ್ಯಕ್ಕೆ ಸೇರುತ್ತದೆ. ಹಾಗಾಗಿ ಮೈಸೂರಿನ ಬಿಲ್ಲಿನ ತೆರಿಗೆಯನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು, ಚೆನ್ನೈ ಬಿಲ್ಲಿನ ತೆರಿಗೆ ಕರ್ನಾಟಕದ ನೋಂದಣಿಗೆ ಸಿಗುವುದಿಲ್ಲ. ಅದನ್ನು ಖರ್ಚು ಎಂದೇ ಬರೆಯಬೇಕು. ಕಾಂಪೊಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆಯಲ್ಲಿ, ಇದ್ದರೆ ಎರಡೂ ಸಿಗುವುದಿಲ್ಲ. ಆ್ಯಪ್ ಮೂಲಕ ಮಾಡಿದರೆ ಬಿಲ್ ಯಾರು ಕೊಡುತ್ತಾರೆ, ಆ್ಯಪ್‌ನವರಾ ಹೋಟೆಲಿನವರಾ ಎನ್ನುವ ಗೊಂದಲ ಬರುತ್ತದೆ. ನೇರ ಬುಕಿಂಗ್ ಇದಕ್ಕೂ ಒಳ್ಳೆಯದು.

ಬೆಂಗಳೂರಿನ ಕೊಡಗಿನವಳು

ಈ ಚರ್ಚೆಯನ್ನು ಬೆಂಗಳೂರಿಗೆ ರೈಲು ಹಿಡಿಯಲು ಬರುವವರೂ ಓದುತ್ತಾರೆ ಎಂದು ಬರೆಯುತ್ತಿದ್ದೇನೆ. ದಯವಿಟ್ಟು ಹೋಟೆಲ್ ಹುಡುಕುವ ಮುಂಚೆ ಟಿಕೆಟ್ಟಿನಲ್ಲಿ ಯಾವ ಸ್ಟೇಷನ್ ಎಂದು ನೋಡಿ. ಬೆಂಗಳೂರು ಅಂದರೆ ಮೆಜೆಸ್ಟಿಕ್ ಎಂದುಕೊಂಡು ಬರುವವರು ನಮ್ಮವರಲ್ಲಿ ಈಗಲೂ ಇದ್ದಾರೆ. ದೂರದ ರೈಲುಗಳಲ್ಲಿ ಎಷ್ಟೋ ಈಗ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಹೊರಡುತ್ತವೆ. 2022ರ ಜೂನ್‌ನಲ್ಲಿ ಅದು ಶುರುವಾಯಿತು. ಯಶವಂತಪುರ ಬೇರೆ, ಕಂಟೋನ್ಮೆಂಟ್ ಬೇರೆ. ಮೆಜೆಸ್ಟಿಕ್‌ನಲ್ಲಿ ರೂಮು ಮಾಡಿಕೊಂಡು ಬೈಯಪ್ಪನಹಳ್ಳಿ ಟರ್ಮಿನಲ್‌ಗೆ ಬೆಳಗ್ಗೆ ಓಡುವುದು ಬಹಳ ಹಿಂಸೆ.

ರೈಲು ಮೆಜೆಸ್ಟಿಕ್‌ನ ಸಂಗೊಳ್ಳಿ ರಾಯಣ್ಣ ಸ್ಟೇಷನ್ನಿನಿಂದಲೇ ಆದರೆ ಅಲ್ಲೂ ಎರಡು ಬದಿ ಇದೆ. ಮುಂದಿನ ಬದಿ ಕೆಂಪೇಗೌಡ ಬಸ್ ನಿಲ್ದಾಣ, ಕಾಟನ್‌ಪೇಟೆ, ಗಾಂಧಿನಗರ. ಹಿಂದಿನ ಬದಿ ಮಾಗಡಿ ರಸ್ತೆ ಕಡೆ, ಅಲ್ಲಿ ನೇರಳೆ ಮಾರ್ಗದ ರೈಲು ನಿಲ್ದಾಣದ ಮೆಟ್ರೊ ಇದೆ. ಮಡಿಕೇರಿ ಬಸ್ಸಿನಲ್ಲಿ ಬಂದವರು ಮೈಸೂರು ರಸ್ತೆ ಸ್ಯಾಟಲೈಟ್‌ನಲ್ಲೇ ಇಳಿದು ದೀಪಾಂಜಲಿ ನಗರದಲ್ಲಿ ಮೆಟ್ರೊ ಹತ್ತಿದರೆ ನೇರ ಅಲ್ಲಿಗೇ. ಹಾಗಾಗಿ ಆ ಮೆಟ್ರೊ ಮಾರ್ಗದಲ್ಲಿ ಎಲ್ಲಿ ಉಳಿದರೂ ಆಗುತ್ತದೆ, ಮೆಜೆಸ್ಟಿಕ್ಕೇ ಆಗಬೇಕಿಲ್ಲ. ವಿಜಯನಗರ ಕಡೆ ಒಳ್ಳೆಯ ಊಟ, ಒಳ್ಳೆಯ ರೂಮು ಎರಡೂ ಸಿಗುತ್ತದೆ. ಭಾನುವಾರ ಮಾತ್ರ ಮೆಟ್ರೊ ಬೆಳಗ್ಗೆ 7ಕ್ಕೆ ಶುರು, ಆ ದಿನದ ಬೆಳಗಿನ ರೈಲಿಗೆ ಅದನ್ನು ನಂಬಬೇಡಿ.

ಕಾಫಿ ಮಂಡಳಿ ಕೆಲಸಕ್ಕೆ ಬರುವವರಿಗೂ ಇದೇ ಮಾರ್ಗ ಸುಲಭ. ವಿಧಾನಸೌಧ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರ.

ಗೋಣಿಕೊಪ್ಪ ಚಕ್ರ

ಮೈಸೂರಿಗೆ ಕಾರಿನಲ್ಲೇ ಹೋಗಿ ಬಿಟ್ಟು ಹೋಗುವವರಿಗೆ ಒಂದು ಮಾತು. ಪಾರ್ಕಿಂಗ್ ಇದೆ ಎಂದು ಬರೆದಿದ್ದರೂ ಅದು ಉಳಿದುಕೊಂಡಿರುವ ರಾತ್ರಿಗೆ ಮಾತ್ರ. ಎರಡು ದಿನ ಕಾರು ಬಿಟ್ಟು ಚೆನ್ನೈಗೆ ಹೋಗುತ್ತೇನೆ, ವಾಪಸ್ ಬಂದು ಇಲ್ಲೇ ಉಳಿಯುತ್ತೇನೆ ಎಂದರೆ ಕೆಲವರು ಒಪ್ಪುತ್ತಾರೆ. ಬಾಯಿ ಮಾತಿನಲ್ಲಿ ಬಿಡಬೇಡಿ, ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಪಾರ್ಕಿಂಗ್ ನೆಲಮಾಳಿಗೆಯಲ್ಲಿದ್ದರೆ ಮಳೆ ನೀರು ಬರುತ್ತದಾ ಎಂದು ಕೇಳಿ.

ಯಾದವಗಿರಿ ವಾಸಿ

ದಸರಾ ಸಮಯದಲ್ಲಿ ಹೋಗುವವರಿಗೆ ಮೇಲಿನ ರೇಟು ಯಾವುದೂ ಅನ್ವಯ ಆಗುವುದಿಲ್ಲ. ಬಹಳ ಮೊದಲೇ ಮಾಡಿ. ಶನಿವಾರ, ಭಾನುವಾರವೂ ಏರುತ್ತದೆ. ಅಕ್ಕನದು ವಾರದ ಮಧ್ಯೆ ಇರುವುದರಿಂದ ಎರಡೂವರೆ ಸಾವಿರಕ್ಕೆ ಒಳ್ಳೆಯದೇ ಸಿಗುತ್ತದೆ.

ಯಾರೋ ಖಾಸಗಿ ಸಂದೇಶದಲ್ಲಿ ಮೆಟ್ರೋಪೋಲ್ ಹೋಟೆಲ್ ಬಗ್ಗೆ ಕೇಳಿದರು. ಅದು 1920ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಬ್ರಿಟಿಷ್ ಅತಿಥಿಗಳಿಗೆ ಕಟ್ಟಿಸಿದ ಕಟ್ಟಡ. ನೋಡಲು, ಅಂಗಳದಲ್ಲಿ ಕೂತು ಊಟ ಮಾಡಲು ಬಹಳ ಚೆಂದ. ಐದು ತಾಸು ಮಲಗಿ ಎದ್ದು ಹೋಗುವವರಿಗೆ ಅಷ್ಟು ಕೊಡುವುದು ಬೇಡ. ಮನೆಯವರ ಜೊತೆ ನಿಧಾನವಾಗಿ ಬಂದಾಗ ಉಳಿಯಿರಿ.

ನಾಪೋಕ್ಲು ಕಾಫಿಪುಡಿ

ಇಷ್ಟು ವಿವರ ಸಿಗುತ್ತದೆ ಎಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಇವತ್ತು ಕೂತು ಫೋನ್ ಮಾಡಿದೆ. ಬಿಸಿನೀರು ಕೇಳಿದ ತಕ್ಷಣ ಎರಡು ಹೋಟೆಲ್ ಬಿಟ್ಟುಹೋದವು, ಆರಕ್ಕೆ ಮೇಲೆಯೇ ಎಂದರು. ಒಂದು ಕಡೆ ರಾತ್ರಿ ಶಟರ್ ಹಾಕುತ್ತೇವೆ, ಬೆಲ್ ಒತ್ತಿ ಎಂದರು, ಅದನ್ನೂ ಬಿಟ್ಟೆ. ಕೊನೆಗೆ ಜೆಎಲ್‌ಬಿ ರಸ್ತೆಯಲ್ಲೇ ಒಂದು ಸಿಕ್ಕಿದೆ. ರೂಮಿನಲ್ಲಿ ಗೀಸರ್, ರಿಸೆಪ್ಶನ್‌ನಲ್ಲಿ ರಾತ್ರಿಯಿಡೀ ಜನ, ಹಿಂಬದಿಯ ರೂಮು. ಮೇಜಿನ ಫೋಟೋ ವಾಟ್ಸಾಪ್ ಮಾಡಿ ಎಂದೆ, ಆ ರೂಮಿನದ್ದೇ ತೆಗೆದು ಕಳಿಸಿದರು, ಪ್ಲಗ್ ಪಕ್ಕದಲ್ಲೇ ಇದೆ. ತಿಂಡಿ ಬೇಡ ಎಂದ ಮೇಲೆ ರೇಟು ಇಳಿಯಿತು. ಎರಡೂ ರಾತ್ರಿಗೆ ಅಲ್ಲೇ ಮಾಡಿದ್ದೇನೆ. ಮಧ್ಯೆ ಬೇಡದ ಸಾಮಾನು ಇಟ್ಟುಕೊಳ್ಳಲೂ ಒಪ್ಪಿದ್ದಾರೆ.

ಒಂದೇ ಚಿಂತೆ ಉಳಿದಿದೆ. ರಸ್ತೆ ಬಂದ್ ಆಗಿ ಹೋಗಲಿಕ್ಕೇ ಆಗದಿದ್ದರೆ ದುಡ್ಡು?

ಹಳೇ ಫ್ರಂಟ್ ಆಫೀಸ್

ಪೂರ್ತಿ ಮುಂಗಡ ಕೊಡಬೇಡಿ ಅಕ್ಕ. ಒಂದು ರಾತ್ರಿಯ ಸ್ವಲ್ಪ ಭಾಗ ಯುಪಿಐ ಮಾಡಿ. "ಕೊಡಗಿನಿಂದ ಬರುತ್ತಿದ್ದೇನೆ, ಮಳೆಗೆ ರಸ್ತೆ ನಿಂತರೆ ದಿನ ಮುಂದೂಡಿಕೊಡಿ" ಎಂದು ಈಗಲೇ ಸಂದೇಶ ಹಾಕಿ, ಅವರಿಂದ ಸರಿ ಎಂಬ ಉತ್ತರ ಬರಲಿ. ಮೈಸೂರಿನವರಿಗೆ ನಮ್ಮ ಮಳೆ ಗೊತ್ತು. ದುಡ್ಡು ವಾಪಸ್ ಕೇಳಿದರೆ ಹಿಂದೆಮುಂದೆ ನೋಡುತ್ತಾರೆ, ದಿನ ಬದಲಿಸಲು ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಕುಶಾಲನಗರ ಸೇಲ್ಸ್

ಮಧ್ಯಾಹ್ನದ ಬಸ್ಸಿಗೇ ಮಡಿಕೇರಿ ಬಿಡಿ, ಸಂಜೆಯದ್ದಕ್ಕೆ ಕಾಯಬೇಡಿ. ಸ್ಯಾಂಪಲ್ ಡಬ್ಬ ಬಸ್ಸಿನ ಡಿಕ್ಕಿಗೆ ಹಾಕದೆ ಕಾಲ ಬಳಿ ಇಟ್ಟುಕೊಳ್ಳಿ, ಮಳೆಗೆ ಡಿಕ್ಕಿ ಒಳಗೆ ನೀರು ಹೋಗುತ್ತದೆ. ಬರುವ ರಾತ್ರಿ ಸ್ಟೇಷನ್ ಮುಂದೆ ಪ್ರೀಪೇಯ್ಡ್ ಆಟೋ ಕೌಂಟರ್ ತೆರೆದಿದ್ದರೆ ಅಲ್ಲೇ ಚೀಟಿ ಮಾಡಿಸಿ. ಇಲ್ಲದಿದ್ದರೆ ಹೋಟೆಲಿಗೆ ಫೋನ್ ಮಾಡಿ, ಅಷ್ಟು ಹತ್ತಿರಕ್ಕೆ ಹುಡುಗನನ್ನು ಕಳಿಸುತ್ತಾರೆ.

ನಾಪೋಕ್ಲು ಕಾಫಿಪುಡಿ

ಸರಿ ಅಣ್ಣ. ಸಂದೇಶ ಹಾಕಿದೆ, ಹೋಟೆಲಿನವರು ದಿನ ಬದಲಿಸಿಕೊಡುತ್ತೇವೆ ಎಂದು ಉತ್ತರ ಕಳಿಸಿದ್ದಾರೆ. ಸೋಮವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ.